ಕಬ್ಬಿನ ಗದ್ದೆಯಿಂದ ಕಾರಿನ ಟ್ಯಾಂಕಿಗೆ: ಎಥೆನಾಲ್ ಎಲ್ಲಿ ಸಿಗುತ್ತದೆ, ಯಾವ ಬೆಲೆಗೆ ಕೊಂಡರೆ ಲಾಭ?



ಕಳೆದ ಹಂಗಾಮಿನಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಕಬ್ಬಿನ ಕ್ಷೇತ್ರೋತ್ಸವ ನಡೆಯಿತು. ಸಾಲಿನಿಂದ ಸಾಲಿಗೆ ಎಷ್ಟು ಅಂತರ, ತರಗನ್ನು ಸುಡದೆ ಹೊದಿಕೆ ಮಾಡುವುದು ಹೇಗೆ, ಕೂಳೆ ಬೆಳೆಗೆ ಗೊಬ್ಬರ ಎಷ್ಟು ಎಂಬ ಮಾತೆಲ್ಲ ಮುಗಿದು ಪ್ರಶ್ನೆಗಳಿಗೆ ಅವಕಾಶ ಕೊಟ್ಟಾಗ, ಹಿಂದಿನ ಸಾಲಿನಲ್ಲಿ ನಿಂತಿದ್ದ ಯುವಕನೊಬ್ಬ ಕೈಯೆತ್ತಿದ. ಹಳೆಯ ಕಾರೊಂದನ್ನು ಕೊಂಡು, ತಾನೇ ಬಿಚ್ಚಿ ತಾನೇ ಜೋಡಿಸಿ ಓಡಿಸುವ ಹುಚ್ಚಿನವನು ಎಂದು ಪಕ್ಕದವರು ಹೇಳಿದರು.

"ಸಾರ್, ಎಥೆನಾಲ್ ಆಗೋದು ನಮ್ಮ ಕಬ್ಬಿನಿಂದ ತಾನೆ? ಬೆಳೆಯೋರು ನಾವು. ಹಾಗಿದ್ದ ಮೇಲೆ ನನ್ನ ಕಾರಿಗೆ ಎಥೆನಾಲನ್ನೇ ಯಾಕೆ ಹಾಕಬಾರದು? ಬಟ್ಟಿ ಕಾರ್ಖಾನೆಯಲ್ಲಿ ಗುರುತಿನವರಿದ್ದಾರೆ, ಒಂದು ಕ್ಯಾನು ಸ್ಪಿರಿಟ್ ತಂದುಕೊಡುತ್ತೇನೆ ಅಂದಿದ್ದಾರೆ."

ನೆರೆದವರು ನಕ್ಕರು. ನನಗೆ ನಗು ಬರಲಿಲ್ಲ. ಆ ಕ್ಯಾನು ಬರುವ ಮೊದಲು ಒಮ್ಮೆ ಕಚೇರಿಗೆ ಬಾ ಎಂದು ಹೇಳಿದೆ. ಅವನು ಬಂದ. ಅಂದು ಅವನಿಗೆ ಹೇಳಿದ ಸಂಗತಿಗಳನ್ನೇ ಇಲ್ಲಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಏಕೆಂದರೆ ಇಂದು ನಮ್ಮ ರೈತನು ಎಥೆನಾಲಿನ ವ್ಯವಹಾರದಲ್ಲಿ ಎರಡು ಕಡೆಯೂ ನಿಂತಿದ್ದಾನೆ. ಕಬ್ಬು, ಮೆಕ್ಕೆಜೋಳ ಮಾರುವವನೂ ಅವನೇ; ಬೈಕಿಗೆ, ಕಾರಿಗೆ, ಔಷಧಿ ಸಿಂಪಡಿಸುವ ಯಂತ್ರಕ್ಕೆ ಅದನ್ನು ಮರಳಿ ಕೊಳ್ಳುವವನೂ ಅವನೇ. ಎರಡೂ ಕಡೆಯ ಲೆಕ್ಕ ತಿಳಿದಿರಬೇಕು.

ಯಾವುದು ಇಂಧನ, ಯಾವುದು ಅಲ್ಲ

ಎಥೆನಾಲ್ ಎಂದರೆ ಹಿಂದಿನವರು ಮದ್ಯಸಾರ ಎನ್ನುತ್ತಿದ್ದ ವಸ್ತುವೇ. ಕಬ್ಬಿನ ಹಾಲು ಅಥವಾ ಕಾಕಂಬಿಯಲ್ಲಿರುವ ಸಕ್ಕರೆಯನ್ನು, ಇಲ್ಲವೇ ಮೆಕ್ಕೆಜೋಳ, ಅಕ್ಕಿಯಲ್ಲಿರುವ ಪಿಷ್ಟವನ್ನು ಹುಳಿಯಿಸಿ ಬಟ್ಟಿ ಇಳಿಸಿದರೆ ಅದು ದೊರೆಯುತ್ತದೆ. ಆದರೆ ಬಟ್ಟಿಯಿಂದ ಮೊದಲು ಬರುವುದು ರೆಕ್ಟಿಫೈಡ್ ಸ್ಪಿರಿಟ್. ಅದರ 100 ಭಾಗದಲ್ಲಿ ಸುಮಾರು 5 ಭಾಗ ನೀರು ಇರುತ್ತದೆ. ಎಷ್ಟು ಸಲ ಬಟ್ಟಿ ಇಳಿಸಿದರೂ ಸಾಮಾನ್ಯ ಕ್ರಮದಿಂದ ಈ ಕೊನೆಯ ನೀರು ಹೋಗುವುದಿಲ್ಲ. ಅದನ್ನು ಬೇರೆ ವಿಧಾನದಿಂದ ಹೀರಿ ತೆಗೆದು, 100ರಲ್ಲಿ 99 ಭಾಗಕ್ಕೂ ಮೇಲ್ಪಟ್ಟು ಶುದ್ಧ ಮಾಡಿದ ಮೇಲೆಯೇ ಅದು ಪೆಟ್ರೋಲಿನೊಂದಿಗೆ ಬೆರೆಯಲು ಯೋಗ್ಯವಾಗುತ್ತದೆ.

ನೀರಿರುವ ಸ್ಪಿರಿಟನ್ನು ಪೆಟ್ರೋಲಿಗೆ ಸುರಿದರೆ ಏನಾಗುತ್ತದೆ? ಹಾಲು ಒಡೆದ ಹಾಗೆ ಎರಡೂ ಬೇರೆಯಾಗುತ್ತವೆ. ನೀರು ಮತ್ತು ಮದ್ಯಸಾರ ಕೂಡಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನು ಹೀರುವುದು ತಳದಿಂದಲೇ. ಕಾರು ನಿಲ್ಲುತ್ತದೆ, ಟ್ಯಾಂಕು ತುಕ್ಕು ಹಿಡಿಯುತ್ತದೆ. ಅಲ್ಲದೆ ಅಬಕಾರಿ ಪರವಾನಗಿ ಇಲ್ಲದೆ ಸ್ಪಿರಿಟನ್ನು ಇಟ್ಟುಕೊಳ್ಳುವುದು, ಸಾಗಿಸುವುದು ಶಿಕ್ಷಾರ್ಹ ಅಪರಾಧ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕುಡಿಯಬಾರದೆಂದು ವಿಷ ಬೆರೆಸಿದ ಸ್ಪಿರಿಟ್ಟೂ ನೋಡುವುದಕ್ಕೆ ನೀರಿನ ಹಾಗೆಯೇ ಇರುತ್ತದೆ. ಮನೆಯ ಮೂಲೆಯಲ್ಲಿ ಇಟ್ಟ ಕ್ಯಾನು ಯಾರ ಕೈಗೆ ಸಿಗುತ್ತದೆಂದು ಹೇಳಲಾಗದು. ಇಂಥದ್ದನ್ನು ಕುಡಿದು ಕಣ್ಣು ಕಳೆದುಕೊಂಡವರು, ಪ್ರಾಣ ಬಿಟ್ಟವರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಆದುದರಿಂದ ಮೊದಲನೆಯ ಮಾತು: ಇಂಧನವನ್ನು ಬಂಕಿನಲ್ಲಿ ಕೊಳ್ಳಿ, ಕ್ಯಾನಿನಲ್ಲಿ ಬೇಡ.

ಎಲ್ಲಿ ಸಿಗುತ್ತದೆ?

ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಯೋಚನೆ ಹೊಸದಲ್ಲ. 1948ರಲ್ಲಿಯೇ ಇದಕ್ಕಾಗಿ ಕೇಂದ್ರದಲ್ಲಿ ಒಂದು ಕಾಯಿದೆಯಾಗಿತ್ತು. 2003ರ ಜನವರಿಯಿಂದ 9 ರಾಜ್ಯಗಳಲ್ಲಿ ಶೇಕಡ 5ರಷ್ಟು ಬೆರೆಸುವ ಕಾರ್ಯಕ್ರಮ ಆರಂಭವಾಯಿತು. ಆದರೂ 2013-14ರಲ್ಲಿ ದೇಶದ ಸರಾಸರಿ ಬೆರಕೆ ಶೇ. 1.53 ಮಾತ್ರ ಇತ್ತು. ಆಮೇಲೆ ವೇಗ ಹೆಚ್ಚಿ, 2022ರ ಜೂನ್ ವೇಳೆಗೆ ಶೇ. 10 ಮುಟ್ಟಿತು. ಶೇ. 20 ಎಥೆನಾಲ್ ಇರುವ ಪೆಟ್ರೋಲು, ಅಂದರೆ ಇ-20, ಮಾರಾಟಕ್ಕೆ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಆ ದಿನ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ ಅದಿತ್ತು. 2025ರಲ್ಲಿ ದೇಶದಾದ್ಯಂತ ಬೆರಕೆ ಶೇ. 20 ಮುಟ್ಟಿತು.

ಹೀಗಾಗಿ ಇ-20 ಎಲ್ಲಿ ಸಿಗುತ್ತದೆ ಎಂದು ಹುಡುಕುವ ಅಗತ್ಯವೇ ಇಲ್ಲ. ನಿಮ್ಮ ಊರಿನ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲೆಂದು ಸುರಿಯುವುದು ಅದನ್ನೇ. ಬೆರಕೆಯಿಲ್ಲದ ಪೆಟ್ರೋಲನ್ನೂ ಆಯ್ಕೆಗೆ ಇಡಬೇಕೆಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು.

ಇನ್ನು ಬಹುಪಾಲು ಎಥೆನಾಲೇ ಇರುವ ಇ-100 ಇಂಧನ. 2021ರ ಜೂನ್ 5ರಂದು ಪುಣೆಯ 3 ಬಂಕುಗಳಲ್ಲಿ ಪ್ರಯೋಗಾರ್ಥವಾಗಿ ಇದರ ಮಾರಾಟ ಆರಂಭವಾಯಿತು. 2024ರ ಮಾರ್ಚಿಯಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಕರ್ನಾಟಕ, ಮಹಾರಾಷ್ಟ್ರ, ಉತ್ತರ ಪ್ರದೇಶ, ತಮಿಳುನಾಡು ಮತ್ತು ದೆಹಲಿಯ ಒಟ್ಟು 183 ಬಂಕುಗಳಲ್ಲಿ ಇದನ್ನು ಪ್ರಕಟಿಸಿತು. ಹೆಸರಿಗೆ ನೂರಾದರೂ ಇದರಲ್ಲಿ ಎಥೆನಾಲ್ ಸುಮಾರು 93 ಭಾಗ. ಉಳಿದದ್ದು 5 ಭಾಗ ಪೆಟ್ರೋಲು ಮತ್ತು ಎರಡನ್ನೂ ಹೊಂದಿಸುವ ಅಲ್ಪ ದ್ರಾವಕ. ತಣ್ಣನೆಯ ಬೆಳಗಿನಲ್ಲಿ ಎಂಜಿನ್ನು ಹೊತ್ತಿಕೊಳ್ಳಲು ಈ ಪೆಟ್ರೋಲು ಬೇಕೇ ಬೇಕು. ಐದು ರಾಜ್ಯಗಳಿಗೆ 183 ಬಂಕು ಎಂದರೆ ಅಂದು ತಾಲ್ಲೂಕಿಗೆ ಒಂದೂ ಬರುತ್ತಿರಲಿಲ್ಲ. ಅದನ್ನೇ ನಂಬಿ ಹೊರಡುವವರು ಮೊದಲೇ ಬಂಕಿಗೆ ದೂರವಾಣಿ ಮಾಡಿ ದಾಸ್ತಾನು ಇದೆಯೇ ಎಂದು ವಿಚಾರಿಸಿಕೊಳ್ಳುವುದು ಕ್ಷೇಮ.

ವಾಹನಗಳ ಕಥೆಯೂ ಹೀಗೆಯೇ. ಹೊಸೂರಿನ ಟಿವಿಎಸ್ ಕಂಪನಿ 2019ರ ಜುಲೈಯಲ್ಲಿ ಇ-100ರಿಂದ ಓಡುವ ಅಪಾಚಿ ಬೈಕನ್ನು 1.20 ಲಕ್ಷ ರೂ. ಬೆಲೆಗೆ ಬಿಡುಗಡೆ ಮಾಡಿ, ಮೊದಲು ಮಹಾರಾಷ್ಟ್ರ, ಉತ್ತರ ಪ್ರದೇಶ ಮತ್ತು ಕರ್ನಾಟಕದಲ್ಲಿ ಕೊಡುವುದಾಗಿ ಹೇಳಿತು. ಬೈಕು ಬಂತು, ಅದಕ್ಕೆ ತುಂಬಿಸುವ ಬಂಕು ಬರಲು ಎರಡು ವರ್ಷ ಬೇಕಾಯಿತು. ಎತ್ತು ಕೊಂಡ ಮೇಲೆ ಮೇವು ಹುಡುಕಿದಂತಾಯಿತು. ಪೆಟ್ರೋಲು, ಎಥೆನಾಲ್ ಯಾವ ಪ್ರಮಾಣದಲ್ಲಿದ್ದರೂ ಓಡುವ ಎಂಜಿನ್ನಿಗೆ ಫ್ಲೆಕ್ಸ್ ಎಂಜಿನ್ನು ಎನ್ನುತ್ತಾರೆ. ಟೊಯೊಟಾ ಇಂಥ ಇನ್ನೋವಾ ಕಾರಿನ ಮಾದರಿಯನ್ನು 2023ರ ಆಗಸ್ಟಿನಲ್ಲಿ ದೆಹಲಿಯಲ್ಲಿ ತೋರಿಸಿತು. ಹೋಂಡಾ 2024ರಲ್ಲಿ ಇಂಥ ಬೈಕನ್ನು ಮಾರುಕಟ್ಟೆಗೆ ತಂದಿತು.

ಲೀಟರಿನ ಬೆಲೆ ಬೇರೆ, ಓಟದ ಬೆಲೆ ಬೇರೆ

ಇಲ್ಲಿಗೆ ಮುಖ್ಯ ವಿಷಯಕ್ಕೆ ಬಂದೆವು. ನೀವು ಹಿಂಡಿ ಕೊಳ್ಳುವಾಗ ಮೂಟೆಯ ಬೆಲೆಯನ್ನಷ್ಟೇ ನೋಡುವುದಿಲ್ಲ. ಅದರಲ್ಲಿ ಪ್ರೋಟೀನು ಎಷ್ಟು, ಹಸು ಎಷ್ಟು ಹಾಲು ಹೆಚ್ಚು ಕೊಡುತ್ತದೆ ಎಂದು ನೋಡುತ್ತೀರಿ. ಇಂಧನಕ್ಕೂ ಇದೇ ನಿಯಮ. ಒಂದು ಲೀಟರು ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರು ಪೆಟ್ರೋಲಿನ ಶಕ್ತಿಯ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಪೆಟ್ರೋಲಿನಲ್ಲಿ ಲೀಟರಿಗೆ 15 ಕಿಲೋಮೀಟರು ಓಡುವ ಕಾರು ಎಥೆನಾಲಿನಲ್ಲಿ 10ರಿಂದ 10½ ಕಿಲೋಮೀಟರು ಓಡುತ್ತದೆ.

ಎಥೆನಾಲಿಗೆ ಒಳ್ಳೆಯ ಗುಣವೂ ಉಂಟು. ಇಂಧನವು ಎಂಜಿನ್ನಿನೊಳಗೆ ಹೊತ್ತಿಗೆ ಮೊದಲೇ ಸಿಡಿಯದಂತೆ ತಡೆಯುವ ಶಕ್ತಿಗೆ ಆಕ್ಟೇನ್ ಎಂದು ಹೆಸರು. ಪೆಟ್ರೋಲಿಯಂ ಸಚಿವಾಲಯ ಕೊಟ್ಟಿರುವ ಅಂಕಿಯಂತೆ ಎಥೆನಾಲಿನ ಆಕ್ಟೇನ್ ಸುಮಾರು 108.5, ಪೆಟ್ರೋಲಿನದು 84.4. ಕಾರಿನ ಆಸಕ್ತರು ಎಥೆನಾಲಿಗೆ ಮರುಳಾಗುವುದು ಇದಕ್ಕೇ. ಆದರೆ ಈ ಗುಣದ ಲಾಭ ಸಿಗುವುದು ಅದಕ್ಕೆಂದೇ ಹೆಚ್ಚು ಒತ್ತಡಕ್ಕೆ ಕಟ್ಟಿದ ಎಂಜಿನ್ನಿಗೆ. ಹಳೆಯ ಎಂಜಿನ್ನಿಗೆ ಹಾಕಿದರೆ ಲಾಭ ಬರುವುದಿಲ್ಲ, ಮೈಲೇಜಿನ ನಷ್ಟ ಮಾತ್ರ ಉಳಿಯುತ್ತದೆ.

ನೀತಿ ಆಯೋಗದ 2021ರ ವರದಿಯಲ್ಲಿ ಇ-20 ಉಪಯೋಗಿಸಿದಾಗ ಆಗುವ ಮೈಲೇಜಿನ ನಷ್ಟವನ್ನು ಹೀಗೆ ಅಂದಾಜು ಮಾಡಿದ್ದಾರೆ. ಬೆರಕೆಯಿಲ್ಲದ ಪೆಟ್ರೋಲಿಗೆಂದು ವಿನ್ಯಾಸಗೊಳಿಸಿ ಶೇ. 10ರ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7, ಅಂಥವೇ ಬೈಕುಗಳಲ್ಲಿ ಶೇ. 3ರಿಂದ 4; ಶೇ. 10ಕ್ಕೆ ವಿನ್ಯಾಸಗೊಳಿಸಿ ಇ-20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2. ಇದನ್ನು ಮನೆಯ ಲೆಕ್ಕಕ್ಕೆ ತರೋಣ. ದಿನಕ್ಕೆ 1 ಲೀಟರು ಪೆಟ್ರೋಲು ಉರಿಸುವ ಹಳೆಯ ಬೈಕಿನಲ್ಲಿ ಶೇ. 3 ನಷ್ಟವೆಂದರೆ ವರ್ಷಕ್ಕೆ 11 ಲೀಟರು. ಲೀಟರಿಗೆ 100 ರೂ. ಹಿಡಿದರೆ 1,100 ರೂ. ಮನೆ ಮುರಿಯುವ ಮೊತ್ತವಲ್ಲ, ಹಾಗೆಂದು ಕಡೆಗಣಿಸುವ ಮೊತ್ತವೂ ಅಲ್ಲ. ಒಂದು ಎಕರೆಯ ಕಳೆ ತೆಗೆಸುವ ಕೂಲಿಯಲ್ಲಿ ಒಂದು ಪಾಲು.

ಬ್ರೆಜಿಲಿನ ಎಪ್ಪತ್ತರ ಲೆಕ್ಕ

ಈ ಲೆಕ್ಕವನ್ನು ನಮಗಿಂತ ಮೊದಲು ಕಲಿತವರು ಬ್ರೆಜಿಲ್ ದೇಶದವರು. ನಮ್ಮಂತೆಯೇ ಅದೂ ಕಬ್ಬಿನ ನಾಡು. ಅರಬ್ ದೇಶಗಳ ತೈಲ ದುಬಾರಿಯಾದಾಗ, 1975ರಲ್ಲಿ, ಅಲ್ಲಿನ ಸರ್ಕಾರ ಕಬ್ಬಿನ ಮದ್ಯಸಾರದಿಂದ ವಾಹನ ಓಡಿಸುವ ಯೋಜನೆ ಹಾಕಿತು. 1979ರಲ್ಲಿ ಫಿಯಟ್ 147 ಎಂಬ, ಎಥೆನಾಲಿನಿಂದ ಮಾತ್ರ ಓಡುವ ಕಾರು ಮಾರಾಟಕ್ಕೆ ಬಂತು. ಜನ ಮುಗಿಬಿದ್ದು ಕೊಂಡರು. ಹತ್ತು ವರ್ಷವಾಗುವಷ್ಟರಲ್ಲಿ ತೈಲದ ಬೆಲೆ ಇಳಿಯಿತು, ಸಕ್ಕರೆಯ ಬೆಲೆ ಏರಿತು. ಗಿರಣಿಗಳು ಸಕ್ಕರೆಯ ಕಡೆಗೆ ತಿರುಗಿದವು. 1989ರಲ್ಲಿ ಬಂಕುಗಳಲ್ಲಿ ಎಥೆನಾಲ್ ಸಿಗದೆ ಕಾರುಗಳು ಸಾಲುಗಟ್ಟಿ ನಿಂತವು. ಜನರಿಗೆ ಎಥೆನಾಲ್ ಕಾರಿನ ಮೇಲಿದ್ದ ನಂಬಿಕೆ ಹೋಯಿತು. ಅದು ಮರಳಿದ್ದು 2003ರಲ್ಲಿ, ಎರಡೂ ಇಂಧನಗಳಿಂದ ಓಡುವ ಫ್ಲೆಕ್ಸ್ ಕಾರು ಬಂದ ಮೇಲೆಯೇ.

ಇಂದು ಅಲ್ಲಿನ ಕಾರಿನ ಮಾಲೀಕ ಬಂಕಿಗೆ ಹೋದಾಗ ಎರಡು ಬೆಲೆಗಳನ್ನೂ ನೋಡುತ್ತಾನೆ. ಎಥೆನಾಲಿನ ಬೆಲೆ ಪೆಟ್ರೋಲಿನ ಬೆಲೆಯ ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ಎಥೆನಾಲ್, ಹೆಚ್ಚಿದ್ದರೆ ಪೆಟ್ರೋಲು. ಇಷ್ಟೇ ಲೆಕ್ಕ. ಇದನ್ನು ನೀವೂ ನೆನಪಿಡಿ. ಪೆಟ್ರೋಲು 100 ರೂ. ಇದ್ದರೆ ಇ-100 ಇಂಧನ 70 ರೂ. ಅಥವಾ ಅದಕ್ಕೂ ಕೆಳಗೆ ಸಿಕ್ಕರೆ ಮಾತ್ರ ಲಾಭ. 85 ರೂಪಾಯಿಗೆ ಸಿಕ್ಕಿತೆಂದು ಹಿಗ್ಗಿದರೆ ಕಿಲೋಮೀಟರಿನ ಲೆಕ್ಕದಲ್ಲಿ ಸೋಲು.

ಬೆಲೆ ಎಲ್ಲಿಂದ ಹುಟ್ಟುತ್ತದೆ?

ತೈಲ ಕಂಪನಿಗಳು ಎಥೆನಾಲಿಗೆ ಕೊಡುವ ಬೆಲೆ ಅದು ಯಾವ ಪದಾರ್ಥದಿಂದ ಆಗಿದೆ ಎಂಬುದರ ಮೇಲೆ ನಿಂತಿದೆ. 2024-25ನೇ ಸಾಲಿನಲ್ಲಿ ಲೀಟರಿಗೆ ನಿಗದಿಯಾಗಿದ್ದ ಬೆಲೆ ಹೀಗಿತ್ತು:

ಸಕ್ಕರೆ ಪೂರ್ತಿ ತೆಗೆದ ಕೊನೆಯ ಕಾಕಂಬಿಯಿಂದ: 57.97 ರೂ.
ಸ್ವಲ್ಪ ಸಕ್ಕರೆ ಉಳಿಸಿದ ಬಿ-ಹೆವಿ ಕಾಕಂಬಿಯಿಂದ: 60.73 ರೂ.
ನೇರ ಕಬ್ಬಿನ ಹಾಲಿನಿಂದ: 65.61 ರೂ.
ಮೆಕ್ಕೆಜೋಳದಿಂದ: 71.86 ರೂ.

ಸಾಗಣೆ ಮತ್ತು ಜಿಎಸ್‌ಟಿ ಸೇರಿ ತೈಲ ಕಂಪನಿಗಳಿಗೆ ಬಿದ್ದ ಸರಾಸರಿ ವೆಚ್ಚ 2025ರ ಜುಲೈ ಕೊನೆಗೆ ಲೀಟರಿಗೆ 71.32 ರೂ. ಎಂದು ಸಚಿವಾಲಯವೇ ತಿಳಿಸಿತು. ತೆರಿಗೆ ಸೇರದ ಶುದ್ಧೀಕರಿಸಿದ ಪೆಟ್ರೋಲಿಗಿಂತ ಇದು ಹೆಚ್ಚು ಎಂದೂ ಒಪ್ಪಿಕೊಂಡಿತು. ಎಥೆನಾಲ್ ಬೆರೆಸಿದರೂ ಪೆಟ್ರೋಲಿನ ಬೆಲೆ ಏಕೆ ಇಳಿಯಲಿಲ್ಲ ಎಂದು ನೀವು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಇಲ್ಲಿದೆ.

ಈಗ ಎಪ್ಪತ್ತರ ಲೆಕ್ಕವನ್ನು ಹಚ್ಚಿ ನೋಡಿ. ಪೆಟ್ರೋಲು 100 ರೂ. ಇದ್ದಾಗ ಗ್ರಾಹಕನಿಗೆ ಎಥೆನಾಲ್ 70 ರೂಪಾಯಿಗೆ ಸಿಗಬೇಕು. ಕಂಪನಿಗೆ ಬಿದ್ದದ್ದೇ 71 ರೂ. ಇನ್ನು ಬಂಕಿನ ಕಮಿಷನ್ನು, ಖರ್ಚು, ಲಾಭ ಬೇರೆ. ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟು ಕೈಹಿಡಿಯದೆ ಇ-100 ನಮ್ಮ ಕಾರಿನವರಿಗೆ ಅಗ್ಗವಾಗುವ ಹಾಗಿಲ್ಲ. "ನಮ್ಮದೇ ಕಬ್ಬು" ಎಂಬ ಅಭಿಮಾನ ಸರಿಯೇ, ಆದರೆ ಅಭಿಮಾನದಿಂದ ಟ್ಯಾಂಕು ತುಂಬುವುದಿಲ್ಲ.

ಸರಬರಾಜೂ ಮಳೆಯನ್ನು ನಂಬಿದೆ. 2023ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಮುಂಗಾರು ಕೈಕೊಟ್ಟಿತು. ಸಕ್ಕರೆ ಸಾಲದೆ ಹೋದೀತೆಂದು ಕೇಂದ್ರ ಸರ್ಕಾರ ಆ ವರ್ಷದ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನು ನಿಲ್ಲಿಸಿತು. ಒಂದು ವಾರದ ನಂತರ ಮಿತಿಯೊಳಗೆ ಸಡಿಲಿಸಿತು. ಪೂರ್ತಿ ತೆರವಾದದ್ದು 2024ರ ಆಗಸ್ಟಿನಲ್ಲಿ. ಬ್ರೆಜಿಲಿನಲ್ಲಿ 1989ರಲ್ಲಿ ನಡೆದದ್ದರ ಸಣ್ಣ ನೆರಳು ಇದು. ಆದ್ದರಿಂದ ಹೊಸ ವಾಹನ ಕೊಳ್ಳುವವರಿಗೆ ನನ್ನ ಸಲಹೆ: ಎಥೆನಾಲಿನಿಂದ ಮಾತ್ರ ಓಡುವ ವಾಹನ ಬೇಡ, ಕೊಳ್ಳುವುದಾದರೆ ಎರಡರಿಂದಲೂ ಓಡುವ ಫ್ಲೆಕ್ಸ್ ವಾಹನವನ್ನೇ ಕೊಳ್ಳಿ.

ಇರುವ ವಾಹನವನ್ನು ಹೇಗೆ ನೋಡಿಕೊಳ್ಳಬೇಕು?

2023ರ ಏಪ್ರಿಲ್ ನಂತರ ತಯಾರಾದ ವಾಹನಗಳ ರಬ್ಬರು, ಪ್ಲಾಸ್ಟಿಕ್ ಭಾಗಗಳು ಇ-20 ತಡೆಯುವಂಥವು. ಅದಕ್ಕಿಂತ ಹಳೆಯವಾದರೆ, ದೀರ್ಘಕಾಲ ಉಪಯೋಗಿಸಿದ ಮೇಲೆ, ಅಂದರೆ 20 ಸಾವಿರದಿಂದ 30 ಸಾವಿರ ಕಿಲೋಮೀಟರಿನ ನಂತರ, ಕೆಲವು ರಬ್ಬರು ಭಾಗ, ಗ್ಯಾಸ್ಕೆಟ್ಟುಗಳನ್ನು ಬದಲಿಸಬೇಕಾದೀತೆಂದು ಸಚಿವಾಲಯ 2025ರಲ್ಲಿ ಹೇಳಿದೆ. ಸರ್ವಿಸಿಗೆ ಬಿಟ್ಟಾಗ ಇಂಧನದ ಕೊಳವೆಯನ್ನು ಬಗ್ಗಿಸಿ ನೋಡಲು ಹೇಳಿ. ಬಿರುಕು, ಜಿಗುಟು, ಉಬ್ಬು ಕಂಡರೆ ಆಗಲೇ ಬದಲಿಸಿ. ಒಂದು ಕೊಳವೆಯ ಬೆಲೆ ಒಂದು ಬೆಂಕಿ ಅನಾಹುತಕ್ಕಿಂತ ಬಹಳ ಕಡಿಮೆ. ಸಾಮಾನ್ಯ ಕಾರಿಗೆ, ಬೈಕಿಗೆ ಇ-100 ಹಾಕಲೇಕೂಡದು. ಎಥೆನಾಲಿಗೆ ಗಾಳಿ ಮತ್ತು ಇಂಧನದ ಪ್ರಮಾಣವೇ ಬೇರೆ ಬೇಕು. ಅದಕ್ಕೆ ಹೊಂದಿಸದ ಎಂಜಿನ್ನು ಸರಿಯಾಗಿ ಓಡದೆ ಕಾಯ್ದು ಕೆಡುತ್ತದೆ.

ರೈತರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಕಾರಿಗಿಂತ ಸಣ್ಣ ಯಂತ್ರಗಳ ವಿಷಯದಲ್ಲಿ. ಕಳೆ ಕತ್ತರಿಸುವ ಯಂತ್ರ, ಪವರ್ ಸ್ಪ್ರೇಯರು, ಸಣ್ಣ ನೀರೆತ್ತುವ ಪಂಪು ವರ್ಷದಲ್ಲಿ ಕೆಲವು ವಾರ ಮಾತ್ರ ದುಡಿದು ಉಳಿದ ದಿನ ಮೂಲೆ ಸೇರುತ್ತವೆ. ಎಥೆನಾಲಿಗೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದೊಡನೆ ನೀರೂ ಮದ್ಯಸಾರವೂ ಕೂಡಿ ತಳಕ್ಕಿಳಿಯುತ್ತವೆ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ದಂಡ ತೆತ್ತು ಕಲಿತೆ. ನನ್ನ ಸ್ವಂತ ತೋಟದ ಕಳೆ ಯಂತ್ರವನ್ನು ಒಂದು ವರ್ಷ ಮುಂಗಾರಿನ ಮೊದಲ ಕಳೆ ಮುಗಿದ ಮೇಲೆ ಅರ್ಧ ಟ್ಯಾಂಕು ಪೆಟ್ರೋಲಿನ ಸಮೇತ ಕೊಟ್ಟಿಗೆಯಲ್ಲಿ ನೇತುಹಾಕಿದೆ. ದಸರೆಯ ರಜೆಯಲ್ಲಿ ತೆಗೆದು ಹಗ್ಗ ಎಳೆದರೆ ತೋಳು ನೋಯಿತೇ ಹೊರತು ಯಂತ್ರ ಕೆಮ್ಮಲೂ ಇಲ್ಲ. ಮೆಕ್ಯಾನಿಕ್ಕು ಕಾರ್ಬುರೇಟರ್ ಬಿಚ್ಚಿದಾಗ ಒಳಗೆ ಹಸಿರು ಕಿಲುಬು, ಕೊಳವೆ ಉಬ್ಬಿ ಮೆತ್ತಗಾಗಿತ್ತು. 1,400 ರೂ. ಕೊಟ್ಟು ಬಂದೆ. "ಊರಿಗೆಲ್ಲ ಹೇಳುವ ಸಾಹೇಬರು ನೀವು" ಎಂದು ಅವನು ನಕ್ಕದ್ದು ಬೇರೆ. ತಪ್ಪು ಯಂತ್ರದ್ದಲ್ಲ, ಪೆಟ್ರೋಲಿನದ್ದೂ ಅಲ್ಲ, ನನ್ನದೇ. ಅಷ್ಟಕ್ಕೇ ಉಳಿದದ್ದು ಪುಣ್ಯ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಇಂಥ ಯಂತ್ರದಲ್ಲಿ ತಳಕ್ಕಿಳಿದ ನೀರು ಮತ್ತು ಮದ್ಯಸಾರದ ಪದರದಲ್ಲಿ ಆಯಿಲ್ ಇರುವುದಿಲ್ಲ. ಅದೇನಾದರೂ ಹೊತ್ತಿಕೊಂಡು ಓಡಿದ್ದರೆ ಪಿಸ್ಟನ್ನೇ ಹಿಡಿದುಕೊಳ್ಳುತ್ತಿತ್ತು.

ಆದ್ದರಿಂದ ಕೆಳಕಂಡ ಕ್ರಮಗಳನ್ನು ತಪ್ಪದೆ ಅನುಸರಿಸಿ:

1. ಹಂಗಾಮು ಮುಗಿದೊಡನೆ ಟ್ಯಾಂಕಿನ ಪೆಟ್ರೋಲು ಪೂರ್ತಿ ಬಸಿದು, ಯಂತ್ರ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಎತ್ತಿಡಿ.
2. ಒಂದು ವಾರಕ್ಕೆ ಬೇಕಾದಷ್ಟೇ ಪೆಟ್ರೋಲು ತನ್ನಿ. ಬಿಗಿ ಮುಚ್ಚಳದ, ಇಂಧನಕ್ಕೆಂದೇ ಮಾಡಿದ ಡಬ್ಬಿಯಲ್ಲಿಡಿ. ಔಷಧಿಯ ಖಾಲಿ ಕ್ಯಾನು, ನೀರಿನ ಬಾಟಲಿ ಸಲ್ಲದು.
3. ಮಳೆಗಾಲದಲ್ಲಿ ಬೈಕು, ಕಾರು ಬಹಳ ದಿನ ನಿಲ್ಲುವುದಿದ್ದರೆ ಟ್ಯಾಂಕು ತುಂಬಿಸಿಡಿ. ಖಾಲಿ ಜಾಗವಿದ್ದಷ್ಟೂ ತೇವಗಾಳಿಗೆ ಅವಕಾಶ ಹೆಚ್ಚು.
4. ಟ್ಯಾಂಕಿನ ಮುಚ್ಚಳದ ರಬ್ಬರು ಹರಿದಿದ್ದರೆ ಮೊದಲ ಮಳೆಗೆ ಮುನ್ನವೇ ಹಾಕಿಸಿ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಅಳತೆಯ ಗೆರೆಗಳಿರುವ 100 ಮಿಲಿಲೀಟರಿನ ಗಾಜಿನ ಜಾಡಿ ತೆಗೆದುಕೊಳ್ಳಿ. ಬಯಲಿನಲ್ಲಿ, ಬೀಡಿ ಬೆಂಕಿಯಿಂದ ದೂರದಲ್ಲಿ, 90ರ ಗೆರೆಯವರೆಗೆ ಪೆಟ್ರೋಲು ಹಾಕಿ ಐದು ನಿಮಿಷ ಬಿಡಿ. ತಳದಲ್ಲಿ ಈಗಲೇ ಬೇರೆ ಪದರ ಕಂಡರೆ ಆ ಪೆಟ್ರೋಲಿಗೆ ನೀರು ಸೇರಿದೆ ಎಂದು ಅರ್ಥ. ವಾಹನ ಓಡಿಸದೆ, ರಶೀದಿ ಸಮೇತ ಬಂಕಿನವರ ಗಮನಕ್ಕೆ ತನ್ನಿ. ಪದರ ಕಾಣದಿದ್ದರೆ 10 ಮಿಲಿಲೀಟರು ನೀರು ಸೇರಿಸಿ, ಮುಚ್ಚಿ, ಮೆಲ್ಲಗೆ ಕುಲುಕಿ, ನೆಟ್ಟಗೆ ನಿಲ್ಲಿಸಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರುತ್ತದೆ. ಕೆಳಗಿನ ಪದರ 10ರಲ್ಲೇ ನಿಂತರೆ ಬೆರಕೆಯಿಲ್ಲ. 28ರ ಆಸುಪಾಸಿಗೆ ಏರಿದರೆ ಅದು ಇ-20. ಅದಕ್ಕಿಂತ ಬಹಳ ಮೇಲೇರಿದರೆ ಬೆರಕೆ ಹೆಚ್ಚಿದೆ ಎಂದು ತಿಳಿಯಬೇಕು. ಪರೀಕ್ಷೆ ಮಾಡಿದ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಆ ಯುವಕ ಕಚೇರಿಗೆ ಬಂದ ದಿನ ಅಂಗಳದಲ್ಲಿ ಅವನ ಕಾರಿನ ಪೆಟ್ರೋಲಿನಿಂದಲೇ ಈ ಪರೀಕ್ಷೆ ಮಾಡಿ ತೋರಿಸಿದೆ. ಕೆಳಗಿನ ಪದರ ಏರುವುದನ್ನು ಬಗ್ಗಿ ನೋಡಿದ ಅವನು, "ಹಾಗಾದರೆ ನೀರಿರೋ ಸ್ಪಿರಿಟ್ ಹಾಕಿದ್ದಿದ್ದರೆ ಟ್ಯಾಂಕಲ್ಲೂ ಹೀಗೇ ಆಗ್ತಿತ್ತು" ಎಂದ. ಕ್ಯಾನಿನ ಮಾತು ಅಲ್ಲಿಗೆ ಮುಗಿಯಿತು.

ಬೆಳೆದವನ ಪಾಲು ಎಷ್ಟು?

ಆದರೆ ಅವನ ಮೊದಲ ಮಾತು, "ಬೆಳೆಯೋರು ನಾವು" ಎಂಬುದು ಮುಗಿದಿರಲಿಲ್ಲ. ಅದಕ್ಕೂ ಉತ್ತರ ಕೊಡಬೇಕಷ್ಟೆ.

ಒಂದು ಟನ್ನು ಕಬ್ಬಿನ ಹಾಲಿನಿಂದ ಸುಮಾರು 70 ಲೀಟರು ಎಥೆನಾಲ್ ಬರುತ್ತದೆ. 65.61 ರೂಪಾಯಿಯಂತೆ ಅದರ ಬೆಲೆ ಸುಮಾರು 4,593 ರೂ. 2025-26ನೇ ಸಾಲಿಗೆ ಕೇಂದ್ರ ನಿಗದಿಮಾಡಿದ ಕಬ್ಬಿನ ಬೆಲೆ, ಶೇ. 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂ.; ಕಟಾವು ಮತ್ತು ಸಾಗಣೆ ಇದರಲ್ಲೇ ಸೇರಿದೆ. ಉಳಿದ ಸಾವಿರ ಚಿಲ್ಲರೆ ರೂಪಾಯಿಯಲ್ಲಿ ಕಾರ್ಖಾನೆ ಕೂಲಿ, ಬಡ್ಡಿ, ತಯಾರಿಕೆಯ ವೆಚ್ಚ ತೂಗಿಸಬೇಕು. 2022-23ರಲ್ಲಿ ಕಬ್ಬಿಗೆ 3,050 ರೂ. ಇದ್ದಾಗಲೂ ಕಬ್ಬಿನ ಹಾಲಿನ ಎಥೆನಾಲಿಗೆ 65.61 ರೂಪಾಯಿಯೇ ಇತ್ತು, 2024-25ರಲ್ಲಿಯೂ ಅಷ್ಟೇ. ಕಾರ್ಖಾನೆಯವರ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂ. ಕೇಳಿ ಕುಳಿತಾಗ, ಕೊನೆಗೆ ರಾಜ್ಯ ಸರ್ಕಾರ 3,300 ರೂ. ಪ್ರಕಟಿಸಿದ್ದು ನಿಮ್ಮ ನೆನಪಿನಲ್ಲಿದೆ.

ಇಲ್ಲಿ ರೈತರು ಕಣ್ಣಿಡಬೇಕಾದ ಜಾಗ ಒಂದುಂಟು: ಇಳುವರಿಯ ಲೆಕ್ಕ. ಬಿ-ಹೆವಿ ಕಾಕಂಬಿ ಮಾಡಿದಾಗ ಒಂದಿಷ್ಟು ಸಕ್ಕರೆ ಚೀಲಕ್ಕೆ ಹೋಗದೆ ಎಥೆನಾಲಿಗೆ ಹೋಗುತ್ತದೆ. ಚೀಲದ ಸಕ್ಕರೆಯನ್ನಷ್ಟೇ ಎಣಿಸಿದರೆ ಇಳುವರಿ ಕಡಿಮೆ ಕಾಣುತ್ತದೆ. 2025-26ರ ದರದಂತೆ 10.25ರ ಮೇಲೆ ಪ್ರತಿ 0.1ಕ್ಕೆ ಕ್ವಿಂಟಲಿಗೆ 3.46 ರೂ. ಹೆಚ್ಚು ಸಿಗಬೇಕು. ಅಂದರೆ ಇಳುವರಿಯಲ್ಲಿ ಪೂರ್ಣ 1ರ ವ್ಯತ್ಯಾಸವಾದರೆ ಟನ್ನಿಗೆ 346 ರೂ. 50 ಟನ್ನು ಕಳಿಸಿದವನಿಗೆ 17,300 ರೂ. ಆದ್ದರಿಂದ ನಿಮ್ಮ ಕಾರ್ಖಾನೆಯಲ್ಲಿ ಎಥೆನಾಲಿಗೆ ತಿರುಗಿಸಿದ ಸಕ್ಕರೆಯನ್ನೂ ಸೇರಿಸಿ ಇಳುವರಿ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿ. ಒಬ್ಬೊಬ್ಬರೇ ಹೋಗದೆ, ಸಂಘದ ಮೂಲಕ ಬರಹದಲ್ಲಿ ಕೇಳಿ.

ಮೆಕ್ಕೆಜೋಳದವರಿಗೂ ಒಂದು ಮಾತು. ಒಂದು ಟನ್ನಿನಿಂದ ಸುಮಾರು 380 ಲೀಟರು ಎಥೆನಾಲ್ ಬರುತ್ತದೆ. 2025-26ರಲ್ಲಿದ್ದ ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆಗೆ ಕೊಂಡರೆ ಒಂದು ಲೀಟರಿಗೆ ಬೀಳುವ ಕಾಳಿನ ಖರ್ಚು 63 ರೂ. ಅದೇ ಕಾಳು 1,800 ರೂಪಾಯಿಗೆ ಸಿಕ್ಕರೆ 47 ರೂ. ಚಿಲ್ಲರೆ. ಎಥೆನಾಲಿನ ಬೆಲೆ ಮಾತ್ರ 71.86ರಲ್ಲೇ ನಿಂತಿರುತ್ತದೆ. ನಡುವಿನ 16 ರೂಪಾಯಿ ಯಾರಿಗೆ ಸೇರಿತೆಂದು ಬಿಡಿಸಿ ಹೇಳಬೇಕಾಗಿಲ್ಲ. 2025ರ ಸುಗ್ಗಿಯಲ್ಲಿ ನಮ್ಮ ಪೇಟೆಗಳಲ್ಲಿ ಮೆಕ್ಕೆಜೋಳ ಬೆಂಬಲ ಬೆಲೆಗಿಂತ ಕೆಳಗಿಳಿದು, ಹಾವೇರಿ ಕಡೆಯ ರೈತರು ಬೀದಿಗೆ ಬಂದದ್ದು ಇದೇ ಕಾರಣದ ಸಂಕಟಕ್ಕೆ. ಕಾಳನ್ನು ಶೇ. 14ರ ತೇವಕ್ಕೆ ಒಣಗಿಸಿ, ಸಾಧ್ಯವಾದರೆ ಗುಂಪಾಗಿ ಮಾರಿದರೆ ಚೌಕಾಸಿಗೆ ಬಲ ಬರುತ್ತದೆ.

ಇನ್ನು, ಎಥೆನಾಲಿನ ಬೇಡಿಕೆಯನ್ನು ನಂಬಿ ಇರುವ ನೀರನ್ನೆಲ್ಲ ಕಬ್ಬಿಗೆ ಹರಿಸಬೇಡಿ. ಕಬ್ಬಿನ ಒಂದು ಲೀಟರು ಎಥೆನಾಲಿಗೆ ಸುಮಾರು 2,860 ಲೀಟರು ನೀರು ಬೇಕೆಂದು ನೀತಿ ಆಯೋಗದ ವರದಿಯೇ ಹೇಳಿದೆ. ಯಾವ ಬೆಲೆಪಟ್ಟಿಯಲ್ಲೂ ಈ ನೀರಿನ ಬೆಲೆ ಸೇರಿಲ್ಲ. ಅದನ್ನು ತೆರುವುದು ನಿಮ್ಮ ಕೊಳವೆಬಾವಿ. ಕಬ್ಬು ಹಾಕುವವರು ಹನಿ ನೀರಾವರಿ ಮಾಡಿಕೊಂಡೇ ಹಾಕಿ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಎರಡೇ. ಕೊಳ್ಳುವಾಗ ಲೀಟರಿನ ಬೆಲೆ ನೋಡಬೇಡಿ, ಕಿಲೋಮೀಟರಿನ ಬೆಲೆ ನೋಡಿ. ಮಾರುವಾಗ ಟನ್ನಿನ ಬೆಲೆಯನ್ನಷ್ಟೇ ನೋಡಬೇಡಿ, ಆ ಟನ್ನಿನಿಂದ ಏನೇನು ಹೊರಟಿತು, ಯಾವುದಕ್ಕೆ ಲೆಕ್ಕ ಸಿಕ್ಕಿತು ಎಂದು ನೋಡಿ.

ಆ ಯುವಕ ಮೊನ್ನೆ ಮತ್ತೆ ಸಿಕ್ಕಿದ್ದ. ಕಾರು ಬಂಕಿನ ಪೆಟ್ರೋಲಿನಲ್ಲೇ ಓಡುತ್ತಿದೆ. ಇಂಧನದ ಕೊಳವೆಯನ್ನು ತಾನೇ ಬದಲಿಸಿದನಂತೆ. ಕಾರಿನ ಮಾತು ಅಷ್ಟಕ್ಕೇ ನಿಲ್ಲಿಸಿ, ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ. ಅವರ ತಂದೆಯ ಹೆಸರಿನ ಕಬ್ಬಿನ ತೂಕದ ಚೀಟಿ. "ಸಾರ್, ಇದರಲ್ಲಿ ಇಳುವರಿ ಎಲ್ಲೂ ಬರೆದಿಲ್ಲ. ಯಾರನ್ನು ಕೇಳಬೇಕು?" ಎಂದ. ಅರ್ಜಿಯನ್ನು ಇಬ್ಬರೂ ಕೂಡಿ ಅಲ್ಲೇ ಬರೆದೆವು.